ಒಂಬತ್ತನೆಯವನು

ಖೋಖೋ ಆಟದಲ್ಲಿ ಎಂಟು ಜನ ಕೂರುತ್ತಾರೆ,
ಒಬ್ಬನ ಮುಖ ಈ ಕಡೆ, ಪಕ್ಕದವನದು ಆ ಕಡೆ.
ಮುಳಬಾಗಿಲಿನ ಸರ್ಕಾರಿ ಹೈಸ್ಕೂಲಿನ ಕೆಮ್ಮಣ್ಣಿನಲ್ಲಿ
ನನ್ನದು ಐದನೆಯ ಚೌಕ.
ಮಂಡಿಗೆ ಹರಳು ನಾಟುವವರೆಗೂ ಕಾದೆ
ಬೆನ್ನ ಮೇಲೊಂದು ಅಂಗೈ ಬೀಳಲಿ ಅಂತ.
ಬೀಳಲಿಲ್ಲ.
ನಾಲ್ಕರಿಂದ ನೇರ ಆರಕ್ಕೆ ಹಾರುತ್ತಿತ್ತು ಖೋ.
'ಅವನ್ನ ಮುಟ್ಟಿದ್ರೆ ನಮಗೂ ಅಂಟ್ಕೊಳ್ಳುತ್ತೆ ಕಣ್ರೋ.'

ಗಡಿಯ ಊರು ನಮ್ಮದು, ಬೈಗುಳಕ್ಕೆ ಬಡತನವಿಲ್ಲ.
ಕನ್ನಡದಲ್ಲಿ ಒಂಬತ್ತು,
ಸಂತೆಯ ತೆಲುಗಿನಲ್ಲಿ ತೊಮ್ಮಿದಿ,
ಕೆಜಿಎಫ್ ಕಡೆಯಿಂದ ಬಂದವರ ಬಾಯಲ್ಲಿ ಒಂಬದು;
ಗ್ಯಾರೇಜು ಹುಡುಗರ ಉರ್ದುವಿನಲ್ಲಿ ಮಾತ್ರ
ಲೆಕ್ಕ ಮೂರು ಇಳಿದು ಛಕ್ಕಾ.
ವೆಂಕಟರವಣ ಅನ್ನುವ ಹೆಸರು
ಹಾಜರಿ ಪುಸ್ತಕದಲ್ಲೇ ಉಳಿಯಿತು.

ತಾಲ್ಲೂಕು ಪಂದ್ಯಕ್ಕೆ ಜರ್ಸಿ ಹಂಚಿದ ದಿನ
ಒಂಬತ್ತನೇ ನಂಬರು ಯಾರಿಗೆ ಅಂತ
ಯಾರೂ ಕೇಳಲೇ ಇಲ್ಲ.
ಪೀಟಿ ಮೇಷ್ಟ್ರು ಸೊಣ್ಣಪ್ಪನವರೂ ಮೀಸೆಯಲ್ಲೇ ನಕ್ಕು
'ಗಂಡಸಿನ ಹಾಗೆ ಓಡೋ, ಸೊಂಟ ನೆಟ್ಟಗಿರಲಿ' ಅಂದರು.
ಆಮೇಲೆ ನೀರಿನ ಟ್ಯಾಂಕಿನ ಹಿಂದೆ
ಆ ಜರ್ಸಿ ಬಿಚ್ಚಿಸಿದವರು ಮೂವರು.
ಅದನ್ನು ಬರೆಯುವುದಿಲ್ಲ.

ಬರೆಯಬಹುದಾದ್ದು ಇಷ್ಟು:
ಪೀಟಿ ಪೀರಿಯಡ್ಡು ಬಂದರೆ ಹೊಟ್ಟೆನೋವು,
ಮೊದಮೊದಲು ಸುಳ್ಳು, ಆಮೇಲೆ ನಿಜವಾಗಿಯೂ.
ನಿದ್ದೆ ಹೋಯಿತು. ಮುದ್ದೆ ಗಂಟಲಲ್ಲೇ ನಿಂತಿತು.
ಅಮ್ಮ ದೃಷ್ಟಿ ತೆಗೆದಳು, ಅಜ್ಜಿ ತಾಯಿತ ಕಟ್ಟಿದಳು.
ಕಲ್ಲುಕ್ವಾರಿಯ ಹಸಿರು ನೀರಿನ ಅಂಚಿನಲ್ಲಿ
ಒಂದು ಸಂಜೆ ಬಹಳ ಹೊತ್ತು ಕೂತಿದ್ದೆ.
ಕುರಿ ಹೊಡಕೊಂಡು ಬಂದ ಮುದುಕಿಯೊಬ್ಬಳು
'ಲೇಯ್, ಕತ್ತಲಾಯ್ತು, ಮನೆ ಸೇರ್ಕೊ' ಅಂದಳು.
ಸೇರಿಕೊಂಡೆ.

ಕೋಲಾರದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
ಚೀಟಿಯಲ್ಲಿ ಮಾತ್ರೆ ಬರೆದು, ಅದರ ಕೆಳಗೆ
'ದಿನಾ ಅರ್ಧ ಗಂಟೆ ಓಟ' ಅಂತಲೂ ಬರೆದಳು.
ನಗು ಬಂತು.
ನೀವು ಮದ್ದು ಹೇಳಿದ ಬಯಲಲ್ಲೇ, ಮೇಡಂ,
ನನಗೆ ಮದ್ದು ಹಾಕಿದ್ದು.
ಪೆನ್ನು ಮುಚ್ಚದೆ ಕೇಳಿದಳು:
'ಬಯಲು ಅದೊಂದೇನಾ ಇರೋದು?'

ಅದಕ್ಕೇ ನಾಲ್ಕೂವರೆಗೆ ಎದ್ದು
ಕುರುಡುಮಲೆ ರಸ್ತೆಯಲ್ಲಿ ಓಡುತ್ತೇನೆ.
ವಡ್ಡಹಳ್ಳಿ ಮಾರ್ಕೆಟ್ಟಿನ ಟೊಮೆಟೊ ಟೆಂಪೋಗಳು
ಹೆಡ್‌ಲೈಟು ಎರಚಿ ಹೋಗುತ್ತವೆ;
ಅವುಗಳಿಗೆ ನನ್ನ ಸೊಂಟದ ಚಿಂತೆಯಿಲ್ಲ.
ಮೊದಲ ಮೈಲಿ ಪೂರ್ತಿ ಕಿವಿಯಲ್ಲಿ ಹಳೇ ನಗು.
ಎರಡನೆಯದರಲ್ಲಿ ಬರೀ ಉಸಿರು.
ಆಮೇಲೆಲ್ಲೋ, ಎದೆ ಮೇಲಿನಿಂದ ಒಂದು ಕ್ರೇಟು,
ಹದಿನೈದು ಕೇಜಿ, ಯಾರೋ ಇಳಿಸಿಕೊಂಡ ಹಾಗೆ.
ದಿನಾ ಇಳಿಯುವುದಿಲ್ಲ. ಕೆಲವು ಬೆಳಗು
ಹೊಸ್ತಿಲಲ್ಲಿ ಶೂ ನೋಡುತ್ತಾ ಕೂತೇ ಬಿಡುತ್ತೇನೆ.
ಮಾತ್ರೆ ಮಾತ್ರ ತಪ್ಪಿಸುವುದಿಲ್ಲ.

ಹೆಣ್ಣುಮಕ್ಕಳ ತಂಡದಲ್ಲಿದ್ದ ಅಮರಾವತಿ
ಭಾನುವಾರ ಜೊತೆಗೆ ಬರುತ್ತಾಳೆ.
ಅವಳೇ ಒಮ್ಮೆ ಏದುಸಿರಲ್ಲಿ ಹೇಳಿದ್ದು:
'ಎಂಟು ಜನ ಕೂತಿರ್ತಾರೆ, ಸರಿ.
ಒಂಬತ್ತನೆಯವನು ಯಾರು ಹೇಳು?
ಕಂಬದ ಹತ್ರ ನಿಂತಿರ್ತಾನಲ್ಲ, ಮೊದಲು ಓಡೋನು.
ಅವನಿಲ್ದೆ ಆಟ ಶುರುವೇ ಆಗಲ್ಲ.
ಇನ್ನೊಂದು: ಹಿಡಿದ ದಿಕ್ಕು ಬಿಟ್ರೆ ಫೌಲು.
ನಿಮ್ ಸೊಣ್ಣಪ್ಪ ಮೇಷ್ಟ್ರು ಅದನ್ನೇ ಮರೆತಿದ್ರು.'

ಹೋದ ವಾರ ಹಳೇ ಶಾಲೆಯ ಕಾಂಪೌಂಡಿನ ಹತ್ತಿರ ನಿಂತೆ.
ಐದನೆಯ ಚೌಕದಲ್ಲಿ ಒಬ್ಬ ಹುಡುಗ,
ಎರಡೇ ಬೆರಳಲ್ಲಿ ಕಿವಿಯ ಹಿಂದಕ್ಕೆ ಕೂದಲು ಸರಿಸುವವನು.
ಖೋ ಅವನನ್ನು ದಾಟಿ ದಾಟಿ ಹೋಗುತ್ತಿತ್ತು.
ಆಟ ಮುಗಿದ ಮೇಲೆ ನೀರಿನ ಬಾಟಲಿ ಹಿಡಿದು ಹೋಗಿ
ಬೆನ್ನಿಗೆ ಮೆಲ್ಲಗೆ ಕೈಯಿಟ್ಟೆ.
ಬೆಚ್ಚಿಬಿದ್ದ.
ಏಟಿಗೆ ಮೊದಲೇ ಗಟ್ಟಿಯಾಗುವ ಬೆನ್ನು,
ನನಗೆ ಗೊತ್ತಿರಬೇಕಿತ್ತು.
ಕೈ ತೆಗೆದು, ಎದುರಿಗೆ ಬಂದು ಕೂತು
ಹೆಸರೇನು ಅಂದೆ.
ಬಹಳ ಹೊತ್ತು ನನ್ನ ಮುಖ ಓದಿ
ಪೂರ್ತಿ ಹೆಸರು ಹೇಳಿದ,
ಇನಿಷಿಯಲ್ಲೂ ಸೇರಿಸಿ.